ಹದಿನಾರು, ಹತ್ತು

ಕಲಬುರಗಿ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಾಗ
ನನ್ನ ಮೊಬೈಲ್ ರಿಪೇರಿ ಅಂಗಡಿ. ಅದಕ್ಕ ಬೆನ್ನು ಹಚ್ಚಿ
ಜಗದೇವಿ ಅಕ್ಕನ ರೊಟ್ಟಿ ಕೇಂದ್ರ.
ನಡುವೆ ಒಂದು ತಗಡು.
ಅಕಿ ಬಡಿದರ ಇಲ್ಲಿ ತಾಟಿನಾಗ ಸ್ಕ್ರೂ ಕುಣೀತಾವ.

ರುಕ್ಮೊದ್ದೀನ್ ಚಿಟಗುಪ್ಪಾದಿಂದ ತಂದಿದ್ದ
ಅಂಗೈಯಗಲದ ಹಳೇ ಆಟದ ಯಂತ್ರ, ಬಟನ್ ಸವೆದದ್ದು,
"ಸೌಂಡ್ ಬರಂಗಿಲ್ಲ ನೋಡು" ಅಂತ.
ಸೌಂಡ್ ಬಂತು.
ಯಂತ್ರ ವಾಪಸ್ ಹೋಗಲಿಲ್ಲ.
ಈಗ ಅದರಾಗ ಆಟ ಇಲ್ಲ, ಒಂದು ಕೋಷ್ಟಕ ಅದ,
ಮ್ಯಾಲಿಂದ ಕೆಳಗ ಇಳಿಯೋ ಸಾಲು, ಸಾಲಿಗೊಂದು ಸ್ವರ.
ನಾಕೇ ದನಿ: ಎರಡು ಜಾತ್ರಿ ಪೀಪಿಯಂಥವು,
ಒಂದು ದಪ್ಪ ಗಂಟಲಿಂದು,
ಇನ್ನೊಂದು ಬರೇ ಮರಳು ಸುರುವಿದಂಗ.

ಈ ಯಂತ್ರಕ್ಕ ನಿಮಿಷ ಗೊತ್ತಿಲ್ಲ.
ಸೆಕೆಂಡಿಗೆ ಅರವತ್ತು ಸಲ, ಕೂದಲೆಳಿಯಷ್ಟು ಕಮ್ಮಿ,
ರೆಪ್ಪಿ ಬಡೀತದ, ಅಷ್ಟೇ ಅದರ ಲೆಕ್ಕ.
ಒಂದು ಸಾಲು ಎಷ್ಟು ರೆಪ್ಪಿ ನಿಲ್ಲಬೇಕು, ನಾವು ಹೇಳಬೇಕು.
ಅರ್ಧ ತಗೊಳ್ಳಂಗಿಲ್ಲ, ಕಾಲು ತಗೊಳ್ಳಂಗಿಲ್ಲ,
ಬಸ್ಸಿನ ಕಂಡಕ್ಟರನಂಗ
"ಚಿಲ್ಲರ ಇಲ್ಲ" ಅಂತದ.

ಫೋನ್ ಹಿಡಿದು ಅಕ್ಕನ ಕೈ ಎಣಿಸಿದೆ.
ಟಪ್ ಟಪ್ ಒಂದು ಜೋಡಿ ಅಂದ್ರ
ನಿಮಿಷಕ್ಕ ನೂರಾ ನಲವತ್ತು.
ಜೋಡಿಗೆ ಇಪ್ಪತ್ತಾರು ರೆಪ್ಪಿ ಇಟ್ಟರ ನೂರಾ ಮೂವತ್ತೆಂಟು,
ಇಪ್ಪತ್ತೈದು ಇಟ್ಟರ ನೂರಾ ನಲವತ್ಮೂರು.
ನಡುವೆ ಮೆಟ್ಟಲೇ ಇಲ್ಲ.
ರಾತ್ರಿ ಶಟರ್ ಎಳೆದು ಕೂತಾಗ ಹೊಳೀತು:
ಮೂರು ಜೋಡಿಗೊಮ್ಮೆ ಒಂದೇ ಒಂದು ರೆಪ್ಪಿ ಕದ್ದರ
ನಲವತ್ತರ ಹೊಸ್ತಿಲ ತನಕ ಹೋಗಬಹುದು.

ಅದು ಆಮ್ಯಾಲಿನ ಮಾತು. ಮೊದಲು
ಹದಿಮೂರು, ಹದಿಮೂರು ಬರೆದೆ, ಸಮಾ ಪಾಲು.
ಜೋರಾಗಿ ಲೂಪ್ ಬಿಟ್ಟೆ.
ಸಂಜಿ ಏಳಕ್ಕ ಅಕ್ಕ ಚಿಮಟಾಲೆ ತಗಡು ಬಡಿದಳು:
"ಏ ತಮ್ಮಾ, ಬಂದ್ ಮಾಡೋ ಅದನ್ನ!
ನನ್ನ ಕೈ ಅದರ ಬೆನ್ನ ಹತ್ತಲತ್ತದ.
ರೊಟ್ಟಿ ಒಂದು ಮಗ್ಗಲ ದಪ್ಪ, ಒಂದು ಮಗ್ಗಲ ಸೀಳಲತ್ತದ."
ಹೋಗಿ ನೋಡಿದೆ, ಖರೇ.
ಹನ್ನೊಂದು ಕೆಟ್ಟಿದ್ವು. ಹನ್ನೊಂದಕ್ಕೂ ರೊಕ್ಕ ಕೊಟ್ಟೆ.

ಕೊಟ್ಟು ಒಂದು ತಾಸು ಒಲಿ ಮುಂದೇ ಕೂತೆ.
ಇಷ್ಟು ವರ್ಷ ಕಿವಿಲೆ ಕೇಳಿದ್ದೆ, ಕಣ್ಣಿಲೆ ನೋಡಿರಲಿಲ್ಲ.
ಬಲಗೈ ಬಡೀತದ,
ಎಡಗೈ ಅಂಚು ಹಿಡಿದು ತುಸು ತಿರುವತದ.
ತಿರುವೋದಕ್ಕ ಸಪ್ಪಳಿಲ್ಲ.
ಒಂದು ಪೆಟ್ಟಾದ ಮ್ಯಾಲೆ ತಿರುವು,
ಇನ್ನೊಂದು ಪೆಟ್ಟಾದ ಕೂಡಲೇ ಮತ್ತ ಪೆಟ್ಟು.
ಉದ್ದ ಪೆಟ್ಟು ಅಂತ ನಾ ತಿಳಿದದ್ದು ಪೆಟ್ಟೇ ಅಲ್ಲ,
ಜ್ವಾಳದ ಹಿಟ್ಟು ಜಾಗ ಬದಲಿಸೋ ಹೊತ್ತು.

ಹದಿನಾರು, ಹತ್ತು.
ಕೂಡಿಸಿದರ ಅದೇ ಇಪ್ಪತ್ತಾರು.
ಹಾಡು ಮುಟ್ಟೋ ಹೊತ್ತಿಗೇ ಮುಟ್ಟತದ,
ನಡಿಗಿ ಮಾತ್ರ ಬ್ಯಾರೆ:
ಪಗಾರ ಆದ ದಿನ ಮನಿಗೆ ಹೋಗೋನ ಕಾಲಿನಂಗ.

"ಈಗ ಹೌದು" ಅಂದಳು ಕೈ ನಿಲ್ಲಿಸದೇ.
"ಹಂಚಿನ ಮ್ಯಾಲ ನೀರು ಸವರೋದು ಎಲ್ಲದ?"
ರೊಟ್ಟಿಗೊಮ್ಮೆ ನಾಕು ಸಾಲು ಖಾಲಿ ಬಿಟ್ಟೆ,
ಅಲ್ಲಿ ಮರಳಿನ ದನಿ ಒಂದೇ, ಮೆಲ್ಲಗ:
ಚುಂಯ್ಯ್.

ನಿನ್ನಿಯಿಂದ ಅಕ್ಕ ಇಲ್ಲ.
ಆಳಂದಕ್ಕ ಹೋಗ್ಯಾಳ, ತಂಗಿ ಬಾಣಂತನಕ್ಕ.
ಮಗಳು ಅಂಬವ್ವ ಕೂತಾಳ, ಎಡಚಿ.
ಇಪ್ಪತ್ತಾರು ಹೊಂದಲತ್ತಿಲ್ಲ.
ಇಪ್ಪತ್ನಾಕೇನೋ. ಹದಿನಾಕು, ಹತ್ತು?
ಇಲ್ಲ, ಹತ್ತು ಮೊದಲು ಬರ್ತದೇನು?
ತಾಟಿನಾಗ ಸ್ಕ್ರೂ ಆ ಕಡಿ ಸರಿಯಲತ್ತಾವ.
ತಗಡಿಗೆ ಕಿವಿ ಹಚ್ಚಿ ನಿಂತೀನಿ.

ಗಿರಾಕಿ ಒಬ್ಬ ಒಡೆದ ಫೋನ್ ಮುಂದ ಹಿಡಿದು
"ಆಯ್ತೇನ್ರಿ?" ಅಂದ.
ಒಂದ್ ನಿಮಿಷ, ಅಂದೆ.
ಖರೇನೇ, ಒಂದು ನಿಮಿಷ ಬೇಕಿತ್ತು ನನಗ.